ಆಟ ಮುಗಿದ ಮೇಲೆ: ಆನೆ ಲಾಯದ ಹುಡುಗ ಸಾಬುವಿನ ಕಥೆ



ಈ ಸಂಚಿಕೆಗೆ ಯಾರಾದ್ರೂ ಒಬ್ಬ ದೊಡ್ಡ ವ್ಯಕ್ತಿಯ ಜೀವನದ ಬಗ್ಗೆ ಬರಿ ಅಂತ ಕನ್ನಡ ಸಂಘದ ಸೀನಿಯರ್ ಅಕ್ಕ ಹೇಳಿದಾಗ ನನಗೆ ಮೊದಲು ಹೊಳೆದದ್ದು ಸರ್ ಎಂ. ವಿಶ್ವೇಶ್ವರಯ್ಯನವರು. ಆದರೆ ಅವರ ಬಗ್ಗೆ ಆಗಲೇ ಮೂರು ಲೇಖನ ಬಂದಿವೆಯಂತೆ. ಎಂಜಿನಿಯರಿಂಗ್ ಕಾಲೇಜಲ್ವಾ, ಇನ್ನೇನಾಗುತ್ತೆ! ನಮ್ಮೂರು ಹಿರೇಕೆರೂರು. ಅಬಲೂರು ನಮ್ಮ ತಾಲೂಕಿನದ್ದೇ, ಹಾಗಾಗಿ ನಾನು ಸರ್ವಜ್ಞನ ಬಗ್ಗೆ ಬರೀತೀನಿ ಅಂತ ರೂಮ್‌ಮೇಟ್ಸ್ ಅಂದುಕೊಂಡಿದ್ರು. ನಾನು ಬರೀತಿರೋದು ಇವರಿಬ್ಬರ ಬಗ್ಗೆಯೂ ಅಲ್ಲ. ಮೈಸೂರು ಸೀಮೆಯ ಆನೆ ಲಾಯದಲ್ಲಿ ಬೆಳೆದು, ಒಂದು ಕಾಲಕ್ಕೆ ಇಡೀ ಪ್ರಪಂಚಕ್ಕೇ ಗೊತ್ತಿದ್ದ, ಈಗ ನಮಗೇ ಮರೆತುಹೋಗಿರುವ ಒಬ್ಬ ಹುಡುಗನ ಬಗ್ಗೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ತಪ್ಪಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕ್ಕೊಳ್ಳಿ.

ಅಜ್ಜ ಕೇಳಿದ ಪ್ರಶ್ನೆ

ಕಳೆದ ರಜೆಯಲ್ಲಿ ಊರಿಗೆ ಹೋಗಿದ್ದೆ. ವಿದೇಶದಲ್ಲಿರುವ ನಮ್ಮ ಕಾಕಾ ಮನೆಯವರೆಲ್ಲ ಡಾಲ್ಫಿನ್ ಶೋ ನೋಡೋಕೆ ಹೋಗಿದ್ದರಂತೆ, ಅದರ ವಿಡಿಯೋ ಮನೆ ಗ್ರೂಪಿಗೆ ಹಾಕಿದ್ರು. ಡಾಲ್ಫಿನ್ ನೀರಿಂದ ಹಾರಿ ರಿಂಗ್ ದಾಟುತ್ತೆ, ಮೂತಿ ಮೇಲೆ ಚೆಂಡು ಕುಣಿಸುತ್ತೆ, ಕೊನೆಗೆ ಕಟ್ಟೆ ಮೇಲೆ ಬಂದು ಮಕ್ಕಳಿಗೆ ಮುತ್ತು ಕೊಡುತ್ತೆ. ನಾನು ಫೋನನ್ನ ಅಜ್ಜನ ಕೈಗೆ ಕೊಟ್ಟೆ. ಅಜ್ಜ ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿದ್ರು. ಬಹಳ ಖುಷಿಪಟ್ರು, ನಕ್ರು. ಆಮೇಲೆ ಸುಮ್ಮನೆ ಒಂದು ಮಾತು ಕೇಳಿದ್ರು. ಆಟ ಮುಗಿದ ಮೇಲೆ ಅದು ಎಲ್ಲಿ ಮಲಗುತ್ತೆ ಅಂತ.

ನನಗೆ ಉತ್ತರ ಗೊತ್ತಿರಲಿಲ್ಲ. ಈ ಪ್ರಶ್ನೆ ಅಜ್ಜನಿಗೆ ಯಾಕೆ ಬಂತು ಅನ್ನೋದು ಮಾತ್ರ ಚೆನ್ನಾಗಿ ಗೊತ್ತಿತ್ತು. ಅದನ್ನ ಕೊನೆಗೆ ಹೇಳ್ತೀನಿ.

ಅವತ್ತು ರಾತ್ರಿ ಕೂತು ಓದ್ತಾ ಹೋದೆ. ಡಾಲ್ಫಿನ್ ಮೀನಲ್ಲ, ನಮ್ಮ ಹಾಗೆ ಉಸಿರಾಡುವ, ಮರಿಗೆ ಹಾಲೂಡುವ ಪ್ರಾಣಿ. ಅದು ನಗೋದೂ ಇಲ್ಲ, ದವಡೆಯ ಆಕಾರವೇ ಹಾಗಿರೋದರಿಂದ ನಕ್ಕಂತೆ ಕಾಣುತ್ತೆ, ನೋವಿದ್ದರೂ ಮುಖ ಅದೇ. ಸಮುದ್ರದಲ್ಲಿ ದಿನಕ್ಕೆ ಹತ್ತಾರು ಕಿಲೋಮೀಟರ್ ಈಜುತ್ತೆ. ಕ್ಲಿಕ್ ಕ್ಲಿಕ್ ಅಂತ ಶಬ್ದ ಬಿಟ್ಟು, ಅದು ವಾಪಸ್ ಬರೋದನ್ನ ಕೇಳಿ ದಾರಿ ಹುಡುಕುತ್ತೆ, ನಾವು ಸೋನಾರ್ ಅಂತ ಓದ್ತೀವಲ್ಲ ಅದೇ. ನಾಲ್ಕು ಗೋಡೆಯ ಕಾಂಕ್ರೀಟ್ ತೊಟ್ಟಿಯಲ್ಲಿ ಆ ಶಕ್ತಿಗೆ ಕೆಲಸವೇ ಇರಲ್ಲ. ಅಜ್ಜನ ಪ್ರಶ್ನೆಗೆ ಉತ್ತರ ಇಷ್ಟೇ ಆಗಿತ್ತು. ಅದು ಎಲ್ಲಿ ಆಡುತ್ತೋ ಅಂಥದ್ದೇ ಇನ್ನೊಂದು ತೊಟ್ಟಿಯಲ್ಲಿ ಮಲಗುತ್ತೆ.

ಜಗತ್ತಿಗೆ ಡಾಲ್ಫಿನ್ ಹುಚ್ಚು ಹಿಡಿಸಿದ್ದರಲ್ಲಿ ಫ್ಲಿಪ್ಪರ್ ಅನ್ನೋ ಅಮೆರಿಕದ ಸಿನಿಮಾದ ಪಾಲು ದೊಡ್ಡದು. ಅದು ಬಂದದ್ದು 1963ರಲ್ಲಿ, ಮರುವರ್ಷ ಟಿವಿ ಧಾರಾವಾಹಿಯೂ ಆಯ್ತು. ಆ ಧಾರಾವಾಹಿಯ ಡಾಲ್ಫಿನ್‌ಗಳಿಗೆ ತರಬೇತಿ ಕೊಟ್ಟ ರಿಕ್ ಓಬ್ಯಾರಿ, ಅವುಗಳಲ್ಲಿ ಒಂದು 1970ರಲ್ಲಿ ತಮ್ಮ ಕಣ್ಣೆದುರೇ ಸತ್ತ ಮೇಲೆ ಆ ಕೆಲಸ ಬಿಟ್ಟು, ಸೆರೆಯಲ್ಲಿರುವ ಡಾಲ್ಫಿನ್‌ಗಳನ್ನ ಬಿಡಿಸುವ ಕೆಲಸಕ್ಕೆ ಇಳಿದರು. ಇಂಥ ಪ್ರಾಣಿ ಸಿನಿಮಾಗಳ ಪಟ್ಟಿ ನೋಡ್ತಾ ಹೋದಾಗ ಒಂದು ಹೆಸರು ಕಣ್ಣಿಗೆ ಬಿತ್ತು. ಸಾಬು. ಹುಟ್ಟಿದ ಊರು ಕಾರಾಪುರ, ಮೈಸೂರು. ತೀರಿಕೊಂಡದ್ದು ಅದೇ 1963ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಮೈಸೂರಿನ ಹುಡುಗ ಹಾಲಿವುಡ್‌ನಲ್ಲಾ ಅಂತ ಆಶ್ಚರ್ಯ ಆಯ್ತು. ಅವತ್ತು ಮಲಗಿದ್ದು ಮೂರು ಗಂಟೆಗೆ.

ಕಾರಾಪುರದ ಮಾವುತನ ಮಗ

ಸಾಬು ಹುಟ್ಟಿದ್ದು 1924ರ ಜನವರಿ 27ರಂದು. ಕಾರಾಪುರ ಅಂದ್ರೆ ಈಗಿನ ಎಚ್.ಡಿ. ಕೋಟೆ ತಾಲೂಕಿನಲ್ಲಿ, ಕಬಿನಿ ನದಿಯ ಹತ್ತಿರ, ಕಾಡಿನ ಅಂಚಿನಲ್ಲಿರೋ ಊರು. ಆಗ ಮೈಸೂರನ್ನ ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಸಾಬುವಿನ ತಂದೆ ಅರಮನೆಯ ಆನೆಗಳಿಗೆ ಮಾವುತ. ಸಾಬು ಇನ್ನೂ ಕೂಸಿದ್ದಾಗಲೇ ತಾಯಿ ತೀರಿಕೊಂಡರು. ಹತ್ತು ವರ್ಷ ತುಂಬೋದರೊಳಗೆ ತಂದೆಯೂ ಇಲ್ಲವಾದರು. ಉಳಿದವನು ಅಣ್ಣ ಶೇಖ್ ದಸ್ತಗೀರ್ ಒಬ್ಬನೇ. ಎಷ್ಟೋ ಕಡೆ ಸಾಬು ದಸ್ತಗೀರ್ ಅಂತ ಬರೆಯುತ್ತಾರೆ, ಆದರೆ ದಸ್ತಗೀರ್ ಅನ್ನೋದು ಅಣ್ಣನ ಹೆಸರು. ಅನಾಥನಾದ ಹುಡುಗ ಅರಮನೆಯ ಆನೆ ಲಾಯದ ಆಸರೆಯಲ್ಲೇ ಬೆಳೆದ.

ಆ ಲಾಯದ ಆನೆಗಳು ಎಲ್ಲಿಂದ ಬರುತ್ತಿದ್ದವು ಅನ್ನೋದನ್ನ ಇಲ್ಲಿ ಹೇಳಲೇಬೇಕು. ಖೆಡ್ಡಾ ಅನ್ನೋ ಪದ ನಮ್ಮಲ್ಲಿ ಹಲವರು ಕೇಳಿರ್ತೀರಿ, ಈಗಲೂ ಮೋಸದ ಬಲೆಗೆ ಬಿದ್ದವರ ಬಗ್ಗೆ ಖೆಡ್ಡಾಕ್ಕೆ ಬಿದ್ದ ಅಂತೀವಿ. ಮೈಸೂರು ಸೀಮೆಯಲ್ಲಿ ಇದನ್ನ ಶುರು ಮಾಡಿದ್ದು ಸ್ಯಾಂಡರ್ಸನ್ ಅನ್ನೋ ಬ್ರಿಟಿಷ್ ಅಧಿಕಾರಿ. 1874ರಲ್ಲಿ ಚಾಮರಾಜನಗರದ ಕಡೆ ಒಂದೇ ಸಲಕ್ಕೆ ಐವತ್ತಕ್ಕೂ ಹೆಚ್ಚು ಆನೆ ಹಿಡಿದ. ಆಮೇಲೆ ಕಾಕನಕೋಟೆ ಖೆಡ್ಡಾಕ್ಕೆ ಹೆಸರಾಯ್ತು. ಕಾರಾಪುರ ಇರೋದು ಅದೇ ಕಾಡಿನ ಸೆರಗಿನಲ್ಲಿ.

ಖೆಡ್ಡಾ ನಡೆಯುತ್ತಿದ್ದದ್ದು ಹೀಗೆ. ನೂರಾರು ಜನ ತಮಟೆ ಬಡಿದು, ಬೆಂಕಿ ಹಚ್ಚಿ, ಗುಂಡು ಹಾರಿಸಿ ಆನೆಗಳ ಹಿಂಡನ್ನ ಓಡಿಸಿಕೊಂಡು ಬರ್ತಾರೆ. ನದಿ ದಾಟಿಸಿ, ಸುತ್ತ ದಪ್ಪ ಮರದ ದಿಮ್ಮಿ ನೆಟ್ಟ ಬೇಲಿಯೊಳಗೆ ನುಗ್ಗಿಸ್ತಾರೆ. ಹಿಂದಿನ ಬಾಗಿಲು ದಢ್ ಅಂತ ಬೀಳುತ್ತೆ. ಆಮೇಲೆ ಪಳಗಿದ ಕುಮ್ಕಿ ಆನೆಗಳ ಮೇಲೆ ಮಾವುತರು ಒಳಗೆ ಹೋಗಿ, ಒಂದೊಂದೇ ಆನೆಯ ಕಾಲಿಗೆ ಹಗ್ಗ ಹಾಕ್ತಾರೆ. ತಾಯಿಯನ್ನ ಒಂದು ಕಡೆ, ಮರಿಯನ್ನ ಒಂದು ಕಡೆ ಎಳೆದೊಯ್ಯುವುದೂ ಇತ್ತು. ಆನೆ ಹಿಂಡು ಅಂದ್ರೆ ಅಜ್ಜಿ, ಅಮ್ಮ, ಚಿಕ್ಕಮ್ಮ, ಮಕ್ಕಳು ಒಟ್ಟಿಗೆ ಇರುವ ಅವಿಭಕ್ತ ಕುಟುಂಬ. ಅದು ಒಂದೇ ಮಧ್ಯಾಹ್ನದಲ್ಲಿ ಮುಗಿದು ಹೋಗುತ್ತಿತ್ತು.

ಇದು ಬರೀ ಕೆಲಸಕ್ಕೆ ಆನೆ ಹಿಡಿಯೋದಾಗಿರಲಿಲ್ಲ. ಇದೂ ಒಂದು ಶೋ ಆಗಿತ್ತು. ವೈಸರಾಯ್‌ಗಳು, ಇಂಗ್ಲೆಂಡಿನ ರಾಜಕುಮಾರರು ಬಂದಾಗ ಅವರಿಗಂತಲೇ ಖೆಡ್ಡಾ ಏರ್ಪಾಡು ಮಾಡ್ತಿದ್ರು. ಅತಿಥಿಗಳು ಕೂತು ನೋಡೋಕೆ ಗ್ಯಾಲರಿ ಕಟ್ಟುತ್ತಿದ್ರು. ಕೆಳಗೆ ಹಿಂಡು ಬೊಬ್ಬೆ ಹೊಡೆಯುತ್ತಿದ್ದರೆ ಮೇಲೆ ದೊಡ್ಡವರು ಕೂತು ನೋಡ್ತಿದ್ರು. ಡಾಲ್ಫಿನ್ ಶೋನ ಕುರ್ಚಿಗಳನ್ನ ನೋಡಿದಾಗ ನನಗೆ ಈ ಗ್ಯಾಲರಿ ನೆನಪಾಯ್ತು. ಸೆರೆ ಹಿಡಿಯೋದನ್ನೇ ಟಿಕೆಟ್ ಇಟ್ಟು ತೋರಿಸೋದಿಲ್ಲ ಈಗ, ಅಷ್ಟೇ ವ್ಯತ್ಯಾಸ.

ಹೀಗೆ ಸೆರೆ ಬಂದ ಆನೆಗಳ ನಡುವೆ, ಅವುಗಳಿಗೆ ಮೇವು ಹಾಕಿ, ಹೊಳೆಯಲ್ಲಿ ಮೈ ತಿಕ್ಕಿ, ಬೆನ್ನ ಮೇಲೆ ಹತ್ತಿ ಕೂತು ಸಾಬು ದೊಡ್ಡವನಾದ. ಮಾವುತರ ಮಕ್ಕಳು ಆನೆಯನ್ನ ಪ್ರೀತಿಸಲ್ಲ ಅಂತ ನಾನು ಹೇಳ್ತಿಲ್ಲ. ಪ್ರೀತಿಯೂ ಇತ್ತು, ಸರಪಳಿಯೂ ಇತ್ತು. ಎರಡೂ ಒಂದೇ ಲಾಯದಲ್ಲಿದ್ದವು.

ಕ್ಯಾಮೆರಾ ಬಂತು

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಅನ್ನೋ ಅಮೆರಿಕದ ನಿರ್ದೇಶಕ ಮೈಸೂರಿಗೆ ಬಂದ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಕಳಿಸಿದ್ದ. ಕಿಪ್ಲಿಂಗ್ ಬರೆದ ಟೂಮಾಯ್ ಅನ್ನೋ ಮಾವುತನ ಹುಡುಗನ ಕಥೆಯನ್ನ ಸಿನಿಮಾ ಮಾಡಬೇಕಿತ್ತು. ಮಹಾರಾಜರು ಆನೆ ಕೊಟ್ಟರು, ಕಾಡು ಕೊಟ್ಟರು, ಜನ ಕೊಟ್ಟರು. ಬೇಕಾಗಿದ್ದದ್ದು ಒಬ್ಬ ಹುಡುಗ. ಕ್ಯಾಮೆರಾಮನ್ ಆಸ್ಮಂಡ್ ಬೊರಾಡೈಲ್ ಕಣ್ಣಿಗೆ ಆನೆ ಲಾಯದಲ್ಲಿದ್ದ ಸಾಬು ಬಿದ್ದ. ಹನ್ನೊಂದು ವರ್ಷದ ಸಣಕಲು ಹುಡುಗ, ಆನೆ ಪಕ್ಕದಲ್ಲಿ ಸ್ವಲ್ಪವೂ ಭಯ ಇಲ್ಲದೆ ನಿಂತವನು. ಕಾಲಾ ನಾಗ್ ಅನ್ನೋ ಆನೆಯ ಪಾತ್ರಕ್ಕೆ ಅರಮನೆಯ ಐರಾವತ ಆಯ್ಕೆ ಆಯ್ತು. ದಸರಾ ಅಂಬಾರಿ ಹೊತ್ತ ಆನೆಗಳ ಪಟ್ಟಿಯಲ್ಲೂ ಐರಾವತನ ಹೆಸರಿದೆ.

ನನಗೆ ಇಲ್ಲಿ ಕುತೂಹಲ ಅನ್ನಿಸಿದ್ದು ಇದು. ಒಂದೇ ಲಾಯದಿಂದ ಇಬ್ಬರು ನಟರನ್ನ ಆರಿಸಿದರು. ಒಬ್ಬ ಹುಡುಗ, ಒಂದು ಆನೆ. ಇಬ್ಬರಿಗೂ ಸಿನಿಮಾ ಅಂದ್ರೆ ಏನು ಅಂತ ಗೊತ್ತಿರಲಿಲ್ಲ.

ಎಲಿಫೆಂಟ್ ಬಾಯ್ ಸಿನಿಮಾದ ಕಥೆಯಲ್ಲೇ ಪ್ರಾಣಿ ಹಿಂಸೆಯ ವಿಷಯ ಇದೆ. ಟೂಮಾಯ್‌ನ ಅಪ್ಪನನ್ನ ಹುಲಿ ಕೊಲ್ಲುತ್ತೆ. ಒಡೆಯನನ್ನ ಕಳೆದುಕೊಂಡ ಆನೆ ದುಃಖದಲ್ಲಿ ಹುಚ್ಚಾಗುತ್ತೆ. ಅದನ್ನ ಇನ್ನೊಬ್ಬ ಕ್ರೂರ ಮಾವುತನಿಗೆ ಒಪ್ಪಿಸುತ್ತಾರೆ. ಅವನು ಹೊಡೆದಾಗ ಆನೆ ತಿರುಗಿ ಬೀಳುತ್ತೆ. ಆನೆಗೆ ಶಿಕ್ಷೆ ಆಗುತ್ತೆ ಅಂತ ಹೆದರಿ ಟೂಮಾಯ್ ರಾತ್ರೋರಾತ್ರಿ ಅದನ್ನ ಕರೆದುಕೊಂಡು ಕಾಡಿಗೆ ಓಡಿಹೋಗ್ತಾನೆ. ಅಲ್ಲಿ ಕಾಡಾನೆಗಳ ಹಿಂಡು ಕಾಣುತ್ತೆ. ಆದರೆ ಕಥೆ ಮುಗಿಯೋದು ಹೇಗೆ ಗೊತ್ತಾ? ಆ ಹಿಂಡು ಎಲ್ಲಿದೆ ಅಂತ ಹುಡುಗನಿಂದ ತಿಳಿದು, ಅದನ್ನ ಖೆಡ್ಡಾಕ್ಕೆ ಕೆಡವುತ್ತಾರೆ. ಹುಡುಗನನ್ನ ಎಲ್ಲರೂ ಹೊಗಳುತ್ತಾರೆ. ತನ್ನ ಒಂದು ಆನೆಯನ್ನ ಉಳಿಸಿಕೊಳ್ಳೋಕೆ ಹೋದ ಹುಡುಗನಿಂದ ಒಂದು ಇಡೀ ಹಿಂಡು ಸೆರೆ ಆಯ್ತು. ಆಗಿನ ಜನಕ್ಕೆ ಇದು ಸುಖಾಂತ್ಯ.

ಫ್ಲಾಹರ್ಟಿ ಮೈಸೂರಿನಲ್ಲಿ ರೀಲುಗಟ್ಟಲೆ ಶೂಟ್ ಮಾಡಿದ, ಬಜೆಟ್ ಮೀರಿತು. ಉಳಿದ ಭಾಗವನ್ನ ಅಲೆಕ್ಸಾಂಡರ್‌ನ ತಮ್ಮ ಝೋಲ್ಟಾನ್ ಕೋರ್ಡಾ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಮುಗಿಸಬೇಕಾಯ್ತು. ಅದಕ್ಕಾಗಿ 1936ರಲ್ಲಿ ಸಾಬು ಅಣ್ಣನ ಜೊತೆ ಹಡಗು ಹತ್ತಿದ. ಆಗ ಅವನಿಗೆ ಹನ್ನೆರಡು ವರ್ಷ. 1937ರಲ್ಲಿ ಸಿನಿಮಾ ಬಿಡುಗಡೆಯಾಗಿ, ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರು ನಿರ್ದೇಶಕರಿಗೂ ಪ್ರಶಸ್ತಿ ಬಂತು. ಸಾಬು ರಾತ್ರಿ ಬೆಳಗಾಗೋದರಲ್ಲಿ ಸ್ಟಾರ್ ಆದ.

ಬಾಗ್ದಾದಿನ ಕಳ್ಳ, ಮೋಗ್ಲಿ

ಇಂಗ್ಲೆಂಡಿನಲ್ಲಿ ಸಾಬುವನ್ನ ಶಾಲೆಗೆ ಸೇರಿಸಿದರು, ಇಂಗ್ಲಿಷ್ ಕಲಿತ. 1938ರಲ್ಲಿ ದಿ ಡ್ರಮ್ ಬಂತು. ಅದರಲ್ಲಿ ಬ್ರಿಟಿಷರಿಗೆ ಸಹಾಯ ಮಾಡುವ ಗಡಿನಾಡಿನ ರಾಜಕುಮಾರನ ಪಾತ್ರ. ಸ್ವಾತಂತ್ರ್ಯ ಹೋರಾಟದ ಕಾಲ ಅದು. ಈ ಸಿನಿಮಾ ವಿರುದ್ಧ ಬೊಂಬಾಯಿಯಲ್ಲಿ ದೊಡ್ಡ ಗಲಾಟೆಯೇ ಆಯ್ತು. ಹದಿನಾಲ್ಕು ವರ್ಷದ ಹುಡುಗನಿಗೆ ಯಾವ ಪಾತ್ರ ಬೇಕು ಅಂತ ಯಾರೂ ಕೇಳಿರಲಿಕ್ಕಿಲ್ಲ.

ಆಮೇಲೆ ದಿ ಥೀಫ್ ಆಫ್ ಬಾಗ್ದಾದ್. ಲಂಡನ್ನಿನಲ್ಲಿ ಶೂಟಿಂಗ್ ನಡೀತಿರುವಾಗಲೇ 1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯ್ತು, ತಂಡ ಅಮೆರಿಕಕ್ಕೆ ಹೋಗಿ ಉಳಿದದ್ದನ್ನ ಮುಗಿಸಿತು. 1940ರಲ್ಲಿ ಬಂದ ಈ ಸಿನಿಮಾಕ್ಕೆ ಮೂರು ಆಸ್ಕರ್. ಅದರಲ್ಲಿ ಒಂದು ಸ್ಪೆಷಲ್ ಎಫೆಕ್ಟ್ಸ್‌ಗೆ. ನಾವು ಈಗ ಗ್ರೀನ್ ಸ್ಕ್ರೀನ್ ಅಂತೀವಲ್ಲ, ಅದರ ತಾತ ಬ್ಲೂ ಸ್ಕ್ರೀನ್. ಕಲರ್ ಸಿನಿಮಾದಲ್ಲಿ ಅದನ್ನ ದೊಡ್ಡದಾಗಿ ಬಳಸಿದ ಮೊದಲಿಗರು ಇವರೇ. ಬಾಟಲಿಯಿಂದ ಬಂದ ದೈತ್ಯ ಭೂತದ ಎದುರು ಪುಟ್ಟ ಸಾಬು ನಿಂತಿರೋ ದೃಶ್ಯ ನಮ್ಮ ಗ್ರಾಫಿಕ್ಸ್ ಗೀಳಿನ ಗೆಳೆಯರು ಒಮ್ಮೆ ನೋಡಬೇಕು.

1942ರಲ್ಲಿ ಜಂಗಲ್ ಬುಕ್. ಸಾಬು ಮೋಗ್ಲಿ. ಅದರಲ್ಲಿ ನಿಜವಾದ ಪ್ರಾಣಿಗಳನ್ನೂ ಬಳಸಿದರು. ಆದರೆ ಹೆಬ್ಬಾವಿನ ಪಾತ್ರಕ್ಕೆ ರಬ್ಬರಿನಲ್ಲಿ ಮಾಡಿದ ಹಾವು. ಅಂದ್ರೆ ಪ್ರಾಣಿ ಇಲ್ಲದೆಯೂ ಪ್ರಾಣಿ ಕಥೆ ಹೇಳಬಹುದು ಅನ್ನೋದು ಆಗಲೇ ಗೊತ್ತಿತ್ತು. ನಮ್ಮ ಕಾಲದಲ್ಲಿ, ಅಂದ್ರೆ 2016ರಲ್ಲಿ, ಅದೇ ಕಥೆ ಬಂದಾಗ ಹುಲಿ, ಕರಡಿ, ಹಾವು ಎಲ್ಲವೂ ಕಂಪ್ಯೂಟರ್‌ನಲ್ಲೇ ಹುಟ್ಟಿದವು. ಹುಡುಗ ಒಬ್ಬನೇ ನಿಜ. ಎಂಜಿನಿಯರ್‌ಗಳು ಪ್ರಾಣಿಗಳಿಗೆ ಮಾಡಿದ ದೊಡ್ಡ ಉಪಕಾರ ಇದು ಅಂತ ನನ್ನ ಅನಿಸಿಕೆ.

ಸೈನಿಕ ಸಾಬು

ಇಲ್ಲಿಂದ ಮುಂದೆ ಅವನು ಅಂತ ಬರೆಯೋಕೆ ನನಗೆ ಕೈ ಬರ್ತಿಲ್ಲ. ಅವರು ಅಂತಲೇ ಬರೀತೀನಿ.

1944ರಲ್ಲಿ ಸಾಬು ಅಮೆರಿಕದ ಪ್ರಜೆ ಆದರು, ಅಲ್ಲಿನ ವಾಯುಸೇನೆ ಸೇರಿದರು. ಸ್ಟಾರ್ ಅಂತ ಹೇಳಿ ಆಫೀಸಿನಲ್ಲಿ ಕೂರಲಿಲ್ಲ. ಬಿ-24 ಲಿಬರೇಟರ್ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ಸಾಗರದ ಮೇಲೆ ಹತ್ತಾರು ಸಲ ಯುದ್ಧಕ್ಕೆ ಹಾರಿದರು. ಅದರ ಸಾಹಸಕ್ಕೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ಆನೆ ಬೆನ್ನಿಂದ ಬಾಂಬರ್ ವಿಮಾನದವರೆಗೆ, ವಯಸ್ಸು ಇನ್ನೂ ಇಪ್ಪತ್ತೊಂದು. ನನಗೆ ಹತ್ತೊಂಬತ್ತು, ಇನ್ನೂ ಮ್ಯಾಥ್ಸ್ ಬ್ಯಾಕ್‌ಲಾಗ್ ಕ್ಲಿಯರ್ ಆಗಿಲ್ಲ.

ಯುದ್ಧ ಮುಗಿಸಿ ಬಂದಾಗ ಹಾಲಿವುಡ್ ಬದಲಾಗಿತ್ತು. 1947ರ ಬ್ಲ್ಯಾಕ್ ನಾರ್ಸಿಸಸ್‌ನಲ್ಲಿ ಒಳ್ಳೆ ಪಾತ್ರ ಸಿಕ್ಕಿತು. 1948ರಲ್ಲಿ ಮೆರಿಲಿನ್ ಕೂಪರ್ ಅನ್ನೋ ನಟಿಯನ್ನ ಮದುವೆಯಾದರು. ಮಗ ಪಾಲ್, ಮಗಳು ಜಾಸ್ಮಿನ್. ಆದರೆ ಬರ್ತಿದ್ದ ಪಾತ್ರಗಳು ಹೆಚ್ಚುಕಮ್ಮಿ ಒಂದೇ. ಮುಂಡಾಸು, ಬರಿಮೈ, ಕಾಡು, ಆನೆ. ದೊಡ್ಡವರಾದ ಮೇಲೂ ಜನಕ್ಕೆ ಬೇಕಾಗಿದ್ದದ್ದು ಅದೇ ಆನೆ ಹುಡುಗ. 1952ರಲ್ಲಿ ಇಟಲಿಯಲ್ಲಿ ಬಂದ ಒಂದು ಸಿನಿಮಾದಲ್ಲಿ ಬಡ ಮೇಷ್ಟ್ರಿಗೆ ಆನೆ ಉಡುಗೊರೆ ಕೊಡುವ ಸುಲ್ತಾನನ ಪಾತ್ರ ಮಾಡಿದರು. ಅದೇ ಸುಮಾರಿಗೆ ಲಂಡನ್ನಿನ ಹ್ಯಾರಿಂಗೇ ಸರ್ಕಸ್‌ನಲ್ಲಿ ಆನೆಗಳ ಜೊತೆ ಪ್ರದರ್ಶನವನ್ನೂ ಕೊಟ್ಟರು. ಕಾರಾಪುರದ ಲಾಯದಿಂದ ಹೊರಟವರು ಸುತ್ತಿ ಬಂದು ಮತ್ತೆ ಆನೆ ಪಕ್ಕದಲ್ಲೇ, ಆದರೆ ಈ ಸಲ ರಿಂಗಿನೊಳಗೆ ನಿಂತರು.

ಇದನ್ನ ಓದಿದಾಗ ನನಗೆ ಬೇಜಾರಾಯ್ತು. ಆದರೆ ಒಂದು ವ್ಯತ್ಯಾಸ ಮರೆಯಬಾರದು. ಸರ್ಕಸ್ ಮುಗಿದ ಮೇಲೆ ಸಾಬು ಬಟ್ಟೆ ಬದಲಿಸಿ ಹೊರಗೆ ಬರಬಹುದಿತ್ತು. ಸಂಬಳ ಎಣಿಸಬಹುದಿತ್ತು. ಸಾಕು ಅನ್ನಿಸಿದ ದಿನ ಬಿಡಬಹುದಿತ್ತು. ಹಾಗೆಯೇ ಮಾಡಿದರು. ಕ್ಯಾಲಿಫೋರ್ನಿಯಾದಲ್ಲಿ ಮನೆ, ಜಾಗದ ವ್ಯವಹಾರ ಮಾಡಿಕೊಂಡರು, ಅಣ್ಣನ ಜೊತೆ ಫರ್ನಿಚರ್ ಅಂಗಡಿ ಇಟ್ಟರು. ಪಕ್ಕದಲ್ಲಿ ಕುಣಿದ ಆನೆಗಳು ಮಾತ್ರ ಆಟ ಮುಗಿದ ಮೇಲೆ ಸರಪಳಿಗೆ ಹೋದವು. ಸರ್ಕಸ್ ಆನೆಯ ದಿನದ ಬಹುಪಾಲು ರಿಂಗಿನಲ್ಲಿ ಕಳೆಯೋದಿಲ್ಲ, ಗಟ್ಟಿ ನೆಲದ ಮೇಲೆ ಕಾಲು ಕಟ್ಟಿಸಿಕೊಂಡು ನಿಲ್ಲೋದರಲ್ಲಿ ಕಳೆಯುತ್ತೆ. ಅಂಗಾಲು ಹುಣ್ಣಾಗುತ್ತೆ. ನಿಂತಲ್ಲೇ ತಲೆ ಆಡಿಸ್ತಾ, ಮೈ ತೂಗಾಡಿಸ್ತಾ ಇರುತ್ತೆ. ಆನೆ ಡ್ಯಾನ್ಸ್ ಮಾಡ್ತಿದೆ ಅಂತ ನಾವು ರೀಲ್ಸ್ ಮಾಡೋದು ಇದನ್ನೇ. ನಿಜಕ್ಕೂ ಅದು ಸೆರೆಯಲ್ಲಿ ಮನಸ್ಸು ಕೆಟ್ಟ ಪ್ರಾಣಿಯ ಲಕ್ಷಣ.

ಕೊನೆಯ ಸಿನಿಮಾ

1960ರಲ್ಲಿ ಅಣ್ಣ ಶೇಖ್ ದಸ್ತಗೀರ್ ಅಂಗಡಿಯಲ್ಲಿ ದರೋಡೆಕೋರರ ಕೈಯಲ್ಲಿ ಕೊಲೆಯಾದರು. ಹಡಗು ಹತ್ತಿದ ದಿನದಿಂದ ಜೊತೆಗಿದ್ದ ಅಣ್ಣ. ಅದೇ ವರ್ಷ ಹಾಲಿವುಡ್‌ನ ಫುಟ್‌ಪಾತ್ ಮೇಲೆ ಸಾಬು ಹೆಸರಿನ ನಕ್ಷತ್ರ ಕೂರಿಸಿದರು.

1963ರಲ್ಲಿ ಸಾಬು ಡಿಸ್ನಿ ಕಂಪನಿಯ ಎ ಟೈಗರ್ ವಾಕ್ಸ್ ಸಿನಿಮಾದಲ್ಲಿ ಮಾಡಿದರು. ಕಥೆ ಇಷ್ಟು. ಒಂದು ಸಣ್ಣ ಊರಿನಲ್ಲಿ ಸರ್ಕಸ್ ಲಾರಿ ಕೆಟ್ಟು ನಿಲ್ಲುತ್ತೆ. ನೋಡಿಕೊಳ್ಳುವವನ ಹಿಂಸೆ ತಡೆಯದೆ ಹುಲಿ ತಪ್ಪಿಸಿಕೊಳ್ಳುತ್ತೆ. ದೊಡ್ಡವರೆಲ್ಲ ಬಂದೂಕು ಹಿಡಿದು ಹೊರಡ್ತಾರೆ. ಹುಲಿಯನ್ನ ಕೊಲ್ಲಬೇಡಿ ಅಂತ ಮಕ್ಕಳು ಹಣ ಕೂಡಿಸೋಕೆ ಶುರು ಮಾಡ್ತಾರೆ. ಸಾಬು ಅದರಲ್ಲಿ ಹುಲಿಯ ಮನಸ್ಸು ಗೊತ್ತಿರುವ ಭಾರತೀಯ ತರಬೇತುದಾರ. ಮೊದಲ ಸಿನಿಮಾದಲ್ಲಿ ಹಿಂಡು ಸೆರೆ ಸಿಕ್ಕಿದ್ದು ಸುಖಾಂತ್ಯವಾಗಿತ್ತು. ಇಪ್ಪತ್ತಾರು ವರ್ಷದ ನಂತರ ಮಕ್ಕಳೇ ಪ್ರಾಣಿಯ ಪರ ನಿಂತಿದ್ರು. ಕಾಲ ಅಷ್ಟು ಬದಲಾಗಿತ್ತು.

ಆ ಸಿನಿಮಾ ತೆರೆಗೆ ಬಂದದ್ದನ್ನ ಸಾಬು ನೋಡಲಿಲ್ಲ. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಮೂವತ್ತೊಂಬತ್ತು. ಸಿನಿಮಾ ಬಂದದ್ದು 1964ರಲ್ಲಿ. ಮಗಳು ಜಾಸ್ಮಿನ್ ಮುಂದೆ ಕುದುರೆಗಳನ್ನ ಪಳಗಿಸುವ ಕೆಲಸ ಹಿಡಿದರು. ಮಾವುತನ ಮೊಮ್ಮಗಳಲ್ವಾ.

ಕಾರಾಪುರದ ಕಡೆ ಏನಾಯ್ತು? ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟು ಬಂದು ಆ ಕಾಡಿನ ದೊಡ್ಡ ಭಾಗ ನೀರಿನಡಿ ಹೋಯ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1977ರಲ್ಲಿ ಆನೆಗೆ ಅದರ ಮೊದಲನೇ ಪಟ್ಟಿಯ ರಕ್ಷಣೆ ಸಿಕ್ಕಿತು. ಈಗ ಜನ ಕಬಿನಿಗೆ ಹೋಗೋದು ಹಿನ್ನೀರಿನ ದಡದಲ್ಲಿ ಹಿಂಡು ಮೇಯೋದನ್ನ ದೂರದಿಂದ ನೋಡೋಕೆ. ಗ್ಯಾಲರಿ ಇದ್ದ ಸೀಮೆಯಲ್ಲೇ ಈಗ ಜೀಪಿನಲ್ಲಿ ಉಸಿರು ಬಿಗಿ ಹಿಡಿದು ಕೂರ್ತಾರೆ.

ಕಾನೂನು ನಿಧಾನವಾಗಿ ಬಂತು, ಆದರೆ ಬಂತು. ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟು ಹಿಡಿದದ್ದರಿಂದ 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಆಯ್ತು. 1998ರಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನ ಕುಣಿಸೋದು ನಿಷೇಧ ಆಯ್ತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಡಾಲ್ಫಿನ್ ಶೋ ಕೂಡ ನಮ್ಮ ದೇಶಕ್ಕೆ ಬಂದಿತ್ತು. 1990ರ ದಶಕದ ಕೊನೆಯಲ್ಲಿ ಚೆನ್ನೈ ಹತ್ತಿರದ ಒಂದು ಪಾರ್ಕಿಗೆ ತಂದ ಡಾಲ್ಫಿನ್‌ಗಳು ಆರು ತಿಂಗಳೊಳಗೆ ಸತ್ತವು. 2013ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಡಾಲ್ಫಿನೇರಿಯಂಗಳಿಗೆ ಅನುಮತಿ ಕೊಡಬೇಡಿ ಅಂತ ರಾಜ್ಯಗಳಿಗೆ ತಿಳಿಸಿತು. ಹಾಗಾಗಿ ನಮ್ಮ ದೇಶದಲ್ಲಿ ಆ ಶೋ ಇಲ್ಲ. ಹೊರದೇಶಕ್ಕೆ ಹೋದಾಗ ಟಿಕೆಟ್ ತಗೊಳ್ಳೋರಲ್ಲಿ ನಾವೂ ಇದ್ದೀವಿ ಅನ್ನೋದು ಬೇರೆ ಮಾತು.

ಆದರೆ ಎಲ್ಲ ಸರಿಹೋಯ್ತು ಅಂತಲೂ ಅಲ್ಲ. ನಮ್ಮ ಅರ್ಜುನನನ್ನ ನೆನಪಿಸಿಕೊಳ್ಳಿ. 2012ರಿಂದ 2019ರವರೆಗೆ ಎಂಟು ಸಲ 750 ಕೆಜಿಯ ಅಂಬಾರಿ ಹೊತ್ತ ಆನೆ. ವಯಸ್ಸು ಅರವತ್ತು ದಾಟಿದ್ದಕ್ಕೆ ಅಂಬಾರಿ ಇಳಿಸಿದರು. ಆಮೇಲೂ ಕಾಡಾನೆ ಹಿಡಿಯುವ ಕೆಲಸಕ್ಕೆ ಕರೆದೊಯ್ದರು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಾಡಿನಲ್ಲಿ ಕಾಡಾನೆ ಜೊತೆ ಕಾದಾಡಿ ಸತ್ತುಹೋದ. ಅವತ್ತು ನಾವೆಲ್ಲ ಸ್ಟೇಟಸ್ ಹಾಕಿದ್ವಿ, ಅತ್ತ್ವಿ. ಎಂಟು ವರ್ಷ ಚಪ್ಪಾಳೆ ಹೊಡೆದವರು, ಆಟ ಮುಗಿದ ಮೇಲೆ ಅವನು ಎಲ್ಲಿದ್ದಾನೆ ಅಂತ ಅದಕ್ಕೂ ಮೊದಲು ಒಂದು ದಿನವಾದರೂ ಕೇಳಿದ್ವಾ? ನಾನಂತೂ ಕೇಳಿರಲಿಲ್ಲ.

ನಮ್ಮ ಬಿಳಿಯ

ಈಗ ಅಜ್ಜನ ವಿಷಯ. ಹಾವೇರಿ ಜಿಲ್ಲೆಯವರಿಗೆ ಹೋರಿ ಹಬ್ಬದ ಬಗ್ಗೆ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳ್ತೀನಿ. ದೀಪಾವಳಿ ಆದ ಮೇಲೆ ಹೋರಿಗಳಿಗೆ ಜೂಲಾ ಹೊದಿಸಿ, ಬಲೂನು, ಗೆಜ್ಜೆ ಕಟ್ಟಿ, ಕೊರಳಿಗೆ ಕೊಬ್ಬರಿ ಸರ ಹಾಕಿ ಜನರ ನಡುವೆ ಓಡಿಸ್ತಾರೆ. ಹುಡುಗರು ಹಿಡಿದು ಕೊಬ್ಬರಿ ಕೀಳಬೇಕು. ಯಾರ ಕೈಗೂ ಸಿಗದ ಹೋರಿಗೆ ಬಹುಮಾನ. ನಮ್ಮ ಮನೆಯಲ್ಲೂ ಒಂದು ಹೋರಿ ಇತ್ತು. ಬಿಳಿಯ ಅಂತ ಕರೀತಿದ್ವಿ. ನಮಗೆ ಮೊಟ್ಟೆ ಸಿಗದಿದ್ದರೂ ಬಿಳಿಯನಿಗೆ ಸಿಗ್ತಿತ್ತು. ಹುರುಳಿ, ಹತ್ತಿಕಾಳು, ಹಿಂಡಿ, ಅಜ್ಜ ತಾವೇ ಕಲಸಿ ಗ್ವಾದ್ಲಿಗೆ ಹಾಕೋರು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಊರಿನ ಹಬ್ಬಕ್ಕೆ ಹೋಗಿದ್ವಿ. ಬಿಳಿಯನನ್ನ ಬಿಡುವಾಗ ಯಾರೋ ಪಟಾಕಿ ಸರ ಹಚ್ಚಿದ್ರು. ಅವನು ದಾರಿ ಬಿಟ್ಟು ಓಡಿದ, ಚರಂಡಿಗೆ ಬಿದ್ದ. ನಾನು ಆಗ ಮೊಬೈಲ್‌ನಲ್ಲಿ ವಿಡಿಯೋ ಮಾಡ್ತಿದ್ದೆ. ಅವನು ಬಿದ್ದ ಮೇಲೂ ಕೆಲವು ಸೆಕೆಂಡ್ ಹಾಗೇ ಹಿಡಿದುಕೊಂಡೇ ಇದ್ದೆ. ಆ ವಿಡಿಯೋದಲ್ಲಿ ನನ್ನ ಕೇಕೆಯೂ ಕೇಳುತ್ತೆ. ಮುಂಗಾಲಿನ ಕೀಲು ತಪ್ಪಿತ್ತು. ಪಶು ಡಾಕ್ಟರ್ ಬಂದು ನೋಡಿದ್ರು, ತಿಂಗಳುಗಟ್ಟಲೆ ಆರೈಕೆ ಆಯ್ತು, ಆದರೂ ಕುಂಟು ಉಳಿಯಿತು. ಮಾರಿಬಿಡಿ ಅಂತ ಎಷ್ಟೋ ಜನ ಹೇಳಿದ್ರು. ಕುಂಟು ಹೋರಿಯನ್ನ ಯಾರು ತಗೋತಾರೆ, ಯಾಕೆ ತಗೋತಾರೆ ಅನ್ನೋದು ಅಜ್ಜನಿಗೆ ಗೊತ್ತಿತ್ತು. ಅವರು ಮಾರಲಿಲ್ಲ. ಬಿಳಿಯ ಇನ್ನೂ ನಮ್ಮ ದನದ ಮನೆಯಲ್ಲೇ ಇದ್ದಾನೆ. ಅಜ್ಜ ಹೋರಿ ಹಬ್ಬಕ್ಕೆ ಮತ್ತೆ ಹೋರಿ ಕಟ್ಟಲಿಲ್ಲ.

ಹೋರಿ ಹಬ್ಬ, ಕಂಬಳ ಎಲ್ಲ ನಿಲ್ಲಿಸಿಬಿಡಿ ಅಂತ ನಾನು ಬರೀತಿಲ್ಲ. 2023ರಲ್ಲಿ ಕಂಬಳಕ್ಕೆ ಸುಪ್ರೀಂ ಕೋರ್ಟ್ ಅನುಮತಿಯೂ ಕೊಟ್ಟಿದೆ, ವಾದ ಎರಡೂ ಕಡೆ ಇದೆ, ನನಗೂ ಇನ್ನೂ ಪೂರ್ತಿ ಒಂದು ನಿರ್ಧಾರಕ್ಕೆ ಬರೋಕೆ ಆಗಿಲ್ಲ. ಆದರೆ ನಮ್ಮ ಖುಷಿಗಾಗಿ ಯಾವ ಪ್ರಾಣಿಯನ್ನ ನಿಲ್ಲಿಸಿದ್ರೂ ಆಟ ಮುಗಿದ ಮೇಲೆ ಅದರ ಹೊಣೆ ಯಾರದು ಅನ್ನೋದಕ್ಕೆ ಉತ್ತರ ಇರಬೇಕು. ಬಿಳಿಯನ ಹೊಣೆ ಅಜ್ಜ ಹೊತ್ತರು. ತೊಟ್ಟಿಯ ಡಾಲ್ಫಿನ್‌ಗೆ ಆ ಹೊಣೆ ಯಾರೂ ಹೊರೋಕೆ ಸಾಧ್ಯವೇ ಇಲ್ಲ, ಯಾಕಂದ್ರೆ ಅದಕ್ಕೆ ಬೇಕಾಗಿರೋದು ಸಮುದ್ರ. ಸಮುದ್ರವನ್ನ ಯಾರೂ ಕಟ್ಟಿಕೊಡೋಕೆ ಆಗಲ್ಲ.

ಸೆಮಿಸ್ಟರ್ ಮುಗಿದ ಮೇಲೆ ನಮ್ಮ ಬ್ಯಾಚ್ ಗೋಕರ್ಣ, ಕಾರವಾರದ ಕಡೆ ಟ್ರಿಪ್ ಹೋಗೋ ಮಾತಿದೆ. ಅಲ್ಲಿ ಸಮುದ್ರದಲ್ಲೇ ಡಾಲ್ಫಿನ್ ಇವೆ. ಬೋಟಿನಲ್ಲಿ ಹೋಗಿ ದೂರದಿಂದ ನೋಡಬೇಕು. ಒಮ್ಮೊಮ್ಮೆ ಕಾಣಲ್ಲ, ದುಡ್ಡು ಕೊಟ್ಟು ಬರೀ ನೀರು ನೋಡಿ ಬರಬೇಕಾಗುತ್ತೆ. ಅವು ಕಾಣದಿದ್ದರೂ ಬೋಟಿನವರಿಗೆ ಬೆನ್ನಟ್ಟಿ ಹೋಗಿ ಅಂತ ಒತ್ತಾಯ ಮಾಡೋದು ಬೇಡ ಅಂತ ಗ್ರೂಪಿನಲ್ಲಿ ಈಗಲೇ ಹಾಕಿದ್ದೀನಿ. ಕಂಡರೆ ವಿಡಿಯೋ ಮಾಡಿ ಅಜ್ಜನಿಗೆ ಕಳಿಸ್ತೀನಿ. ಈ ಸಲ ಅವರ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇರುತ್ತೆ.

ಸಾಬು ಸಿನಿಮಾ ಎಲ್ಲಾದರೂ ಸಿಕ್ಕರೆ ನೋಡಿ. ಹುಡುಗನನ್ನ ನೋಡಿ, ಪಕ್ಕದಲ್ಲಿರೋ ಆನೆಯನ್ನೂ ನೋಡಿ.